ಬೆಳಗಿನ ಆರೂ ಹತ್ತರ ಲಾಗಿನ್

"ಮುಟ್ಟಬೇಡ್ರಿ! ಕೈ ತೆಗೀರಿ ಅಲ್ಲಿಂದ!"

ದೀಪಿಕಾ ಬೆಚ್ಚಿಬಿದ್ದು ಗೋಡೆಯ ಕಬ್ಬಿಣದ ಗೂಡಿನಿಂದ ಕೈ ಹಿಂದಕ್ಕೆಳೆದುಕೊಂಡಳು. ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ಒಬ್ಬ ನಿಂತಿದ್ದ. ಮುಖದ ತುಂಬ ರಸ್ತೆಯ ಧೂಳು.

'ಯಾರಿವನು? ನನ್ನ ಸೆಂಟರಿಗೆ ಬಂದು ನನಗೇ ಗದರುತ್ತಾನಲ್ಲ!'

"ಶಾಕ್ ಹೊಡೀತಿತ್ತು ಮೇಡಂ. ನಾನು ಮಾರುತೇಶ. ನೆಟ್‌ವರ್ಕ್ ರಿಪೇರಿಗೆ ಅಂತ ನೀವೇ ಕಂಪ್ಲೇಂಟ್ ಕೊಟ್ಟಿದ್ರಲ್ಲ?"

ಚಳ್ಳಕೆರೆಯ ಆ ಸ್ಕ್ಯಾನಿಂಗ್ ಸೆಂಟರ್ ದೀಪಿಕಾಳ ತಂದೆ ಜಂಬುಲಿಂಗಪ್ಪನವರದು. ಬೋರ್ಡಿನ ಮೇಲೆ ಹೆಸರು ಅವರದು, ಒಳಗಿನ ಹೊಣೆಯೆಲ್ಲ ಮಗಳದು. ಇಲ್ಲಿ ತೆಗೆದ ಸ್ಕ್ಯಾನ್ ಚಿತ್ರಗಳು ನೆಟ್ ಮೂಲಕ ದಾವಣಗೆರೆಯ ಡಾಕ್ಟರಿಗೆ ಹೋಗಬೇಕು. ಅವರು ನೋಡಿ ಹೇಳಿದ ಮೇಲೆಯೇ ರೋಗಿಗೆ ಚಿಕಿತ್ಸೆ. ಆ ದಿನ ಬೆಳಗಿನಿಂದ ಒಂದು ಚಿತ್ರವೂ ಹೋಗಿರಲಿಲ್ಲ.

ಮಾರುತೇಶ ಆ ಗೂಡಿನಿಂದ ಸ್ವಿಚ್ ಹೊರತೆಗೆದ. ಸೆಂಟರಿನ ಎಲ್ಲ ಕಂಪ್ಯೂಟರ್ ವೈರುಗಳು ಬಂದು ಸೇರುವ ಡಬ್ಬ ಅದು. ಒಳಗೆ ಹಲ್ಲಿಯೊಂದು ಸುಟ್ಟು ಕರಕಲಾಗಿತ್ತು.

"ಅಯ್ಯೋ ದೇವರೇ..."

"ಇದಕ್ಕೇ ಇಷ್ಟು ಹೆದರಿದ್ರೆ ಹೆಂಗೆ ಮೇಡಂ?" ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಹೊರಗೆ ಹನ್ನೊಂದು ಜನ ರೋಗಿಗಳು ಕಾಯುತ್ತಿದ್ದರು.

ಅದನ್ನೇ ಸ್ವಚ್ಛ ಮಾಡಿ, ಮತ್ತೆ ನಡೆಯುವಂತೆ ಮಾಡಿ ಅವನು ಒಪ್ಪಂದದ ಕಾಗದಗಳನ್ನು ಮೇಜಿನ ಮೇಲಿಟ್ಟ.

"ಎರಡು ಥರ ಐತೆ. ಒಂದು, ಕೆಟ್ಟ ಮೇಲೆ ನೀವು ಕರೀತೀರಿ, ನಾಲ್ಕು ಗಂಟೆ ಒಳಗೆ ನಾವು ಬರ್ತೀವಿ. ಇನ್ನೊಂದು, ಕೆಡೋಕೆ ಮುಂಚೇನೇ ನಾವು ನೋಡ್ಕಂತೀವಿ. ದಿನಾ ದೂರದಿಂದ ಪರೀಕ್ಷೆ, ತಿಂಗಳಿಗೊಂದ್ಸಲ ಭೇಟಿ. ನಿಮ್ಮಂಥ ಕಡೆಗೆ ಎರಡನೇದೇ ಸರಿ."

"ದೂರದಿಂದ ಅಂದ್ರೆ... ದಿನಾ ಯಾರೋ ನಮ್ಮ ಒಳಗೆ ಇಣುಕಿ ನೋಡ್ತಾರಾ?"

"ಯಾರೋ ಅಲ್ಲ, ನಾನೇ."

ಗೊತ್ತಿಲ್ಲದ ಗಂಡಸೊಬ್ಬ ದಿನಾ ಬಂದು ನೋಡಿ ಹೋಗುವುದು, ಅದೂ ಕಾಣದಂತೆ! ಸ್ವಿಚ್ ಕೆಡುವುದಕ್ಕಿಂತ ಅವಳಿಗೆ ಅದೇ ಹೆಚ್ಚು ಭಯ ಅನ್ನಿಸಿತು. ಮೊದಲನೆಯ ಕಾಗದಕ್ಕೇ ಸಹಿ ಹಾಕಿದಳು.

"ನಿಮ್ಮಿಷ್ಟ ಮೇಡಂ," ಎಂದಷ್ಟೇ ಹೇಳಿ ಅವನು ಹೊರಟ.

ಮೂರು ತಿಂಗಳಲ್ಲಿ ಎರಡು ಸಲ ಸಣ್ಣಪುಟ್ಟ ರಿಪೇರಿಗೆ ಬಂದ. ಒಮ್ಮೆ ಯಾರೂ ಕೇಳದೆಯೇ ಪ್ರತಿ ವೈರ್‌ಗೂ ಚೀಟಿ ಅಂಟಿಸಿ, ಮುದ್ದಾದ ಅಕ್ಷರದಲ್ಲಿ ನಂಬರ್ ಬರೆದುಕೊಟ್ಟ. ಇನ್ನೊಮ್ಮೆ ಅವಳ ಡಬ್ಬಿಯ ಚಿತ್ರಾನ್ನ ತಿಂದು, ಉಪ್ಪು ಕಡಿಮೆ ಎಂದು ಹೇಳುವಷ್ಟು ಸಲಿಗೆ ಬೆಳೆಸಿಕೊಂಡ! ಅವನು ಹೋದ ಮೇಲೂ ಅವಳು ಸುಮ್ಮಸುಮ್ಮನೆ ನಗುತ್ತಿದ್ದಳು. ಯಾವುದಾದರೂ ವೈರು ಕೆಟ್ಟೀತೇ ಎಂದು ಆಸೆಪಡುವ ಮಟ್ಟಕ್ಕೆ ಹುಡುಗಿ ಬಂದಿದ್ದಳು ಅಂದರೆ ನೀವೇ ಅರ್ಥಮಾಡಿಕೊಳ್ಳಿ.

ಆದರೆ ಒಂದು ದಿನ ಅವಳು ಯಾರು ಯಾವಾಗ ಒಳಹೊಕ್ಕರೆಂದು ತೋರಿಸುವ ನೆಟ್‌ವರ್ಕಿನ ಲಾಗಿನ್ ಪಟ್ಟಿ ತೆರೆದಳು.

ಸೋಮವಾರ, ಬೆಳಗ್ಗೆ 6.10. ಮಂಗಳವಾರ, 6.10. ಬುಧವಾರ, 6.10. ಮೂರು ತಿಂಗಳೂ ಅದೇ. ಹೆಸರು, ಮಾರುತೇಶ.

'ಬೇಡ ಅಂದಿದ್ದೆ... ಆದರೂ ದಿನಾ ಬಂದಿದ್ದಾನೆ! ನನ್ನ ಡಬ್ಬಿಯ ಊಟ ತಿಂದವನು!'

ಮೂರು ದಿನ ನಿದ್ದೆಯಿಲ್ಲ. ನಾಲ್ಕನೆಯ ದಿನ ಅವನನ್ನು ಕರೆಸಿದಳು.

"ದಿನಾ ಬೆಳಗ್ಗೆ ಬಂದು ಏನು ಕದೀತಿದ್ರಿ?"

"ಕದಿಯೋದಾ? ಹಲ್ಲಿ ಸುಟ್ಟ ಆ ಸ್ವಿಚ್ ಎಷ್ಟು ಬಿಸಿ ಆಗೈತೆ ಅಂತ ನೋಡ್ತಿದ್ದೆ, ಅಷ್ಟೇ. ಪೇಷಂಟ್ ಫೈಲ್ ಒಂದೂ ಮುಟ್ಟಿಲ್ಲ..."

"ನಾನು ಸಹಿ ಹಾಕಿದ್ದು ಯಾವುದಕ್ಕೆ?"

ಅವನು ಹೆಲ್ಮೆಟ್ ಕೈಗೆತ್ತಿಕೊಂಡ.

"ಹೋಗ್ರಿ! ಇನ್ನು ಈ ಬಾಗಿಲು ದಾಟಬೇಡ್ರಿ!"

"ಹೋಗ್ತೀನಿ. ಆದ್ರೆ ಆ ಸ್ವಿಚ್ ಇನ್ನೊಂದು ವಾರ ನಡೆದ್ರೆ ಹೆಚ್ಚು ಮೇಡಂ. ಅದಕ್ಕೇ ಕೆಳಗೆ..."

"ಬೆದರಿಸ್ತೀರಾ ನನ್ನ?"

ಅವನು ಬಾಯಿ ಮುಚ್ಚಿಕೊಂಡು ಹೊರಟುಹೋದ. ರಿಪೇರಿಗೆಂದು ಅವನಿಗೆ ಕೊಟ್ಟಿದ್ದ ಪಾಸ್‌ವರ್ಡನ್ನು ಅವಳು ಅಂದೇ ಬದಲಾಯಿಸಿದಳು.

ಆ ವಾರ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು. 'ನಿಜವಾಗಿಯೂ ಏನಾದರೂ ಮಾಡಿಬಿಟ್ಟರೆ?' ಅದರ ಅಡಿಯಲ್ಲಿ, ತನಗೇ ಹೇಳಿಕೊಳ್ಳಲಾಗದ ಇನ್ನೊಂದು ಭಯ... 'ಇನ್ನು ಬರದೇ ಹೋದರೆ?'

ಆರನೆಯ ದಿನ ಮಧ್ಯಾಹ್ನ ಮೊಳಕಾಲ್ಮೂರು ಕಡೆಯಿಂದ ಯರ್ರಪ್ಪ ಎಂಬ ವೃದ್ಧರನ್ನು ಹೊತ್ತು ತಂದರು. ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು.

"ಮಾ ನಾಯನ, ನಮ್ಮಪ್ಪ ಕಣಮ್ಮಾ!" ಮಗಳು ಸೂರಮ್ಮ ದೀಪಿಕಾಳ ಕೈ ಹಿಡಿದುಕೊಂಡಳು. "ಬೆಳಗ್ಗೆ ಚೆಂದಾಗೇ ಮಾತಾಡ್ತಿದ್ರು... ಹೆಂಗಾದ್ರೂ ಮಾಡಿ ಉಳಿಸ್ಕೊಡ್ರಮ್ಮಾ!"

ಸ್ಕ್ಯಾನ್ ಮುಗಿಯಿತು. ಚಿತ್ರ ಕಳಿಸಲು ಕೂತಳು. ಅಷ್ಟರಲ್ಲಿ ಸ್ವಿಚ್‌ನ ಹಸಿರು ದೀಪಗಳೆಲ್ಲ ಒಮ್ಮೆಲೇ ಆರಿಹೋದವು.

ಕಂಪನಿಗೆ ಫೋನ್ ಮಾಡಿದಳು. "ಕಂಪ್ಲೇಂಟ್ ಬರ್ಕೊಂಡಿದೀವಿ ಮೇಡಂ, ನಾಲ್ಕು ಗಂಟೆ ಒಳಗೆ ಬರ್ತಾರೆ."

ನಾಲ್ಕು ಗಂಟೆ! ತಾನೇ ಸಹಿ ಹಾಕಿದ ನಾಲ್ಕು ಗಂಟೆ!

ಮೊಬೈಲಿನಲ್ಲಿ ಫೋಟೋ ತೆಗೆದು ದಾವಣಗೆರೆಗೆ ಕಳಿಸಿದಳು. "ಇದರಲ್ಲಿ ಏನೂ ತಿಳಿಯಲ್ಲಮ್ಮ, ಪೂರ್ತಿ ಚಿತ್ರ ಬೇಕು," ಎಂದರು ಡಾಕ್ಟರ್. "ಮೆದುಳಲ್ಲಿ ರಕ್ತ ಸೋರಿದೆಯೋ ಹೆಪ್ಪುಗಟ್ಟಿದೆಯೋ ಗೊತ್ತಾಗದೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಬೇಗ ಮಾಡಿ!"

'ಅವನೇ ಮಾಡಿದ್ದು! ಒಂದು ವಾರ ಅಂದಿದ್ದನಲ್ಲ!' ಆದರೆ ಕರೆಯಲು ಬೇರೆ ಯಾರಿದ್ದರು? ಮಾರುತೇಶನ ನಂಬರನ್ನೇ ಒತ್ತಿದಳು.

"ನಿಜ ಹೇಳ್ರಿ... ನೀವೇ ಕೆಡಿಸಿದ್ರಾ?"

"ನಿಮ್ಮಾಣೆಗೂ ಇಲ್ಲ. ಅವತ್ತಿಂದ ನಾನು ನೋಡೇ ಇಲ್ಲ. ಪೇಷಂಟ್ ಇದಾರಾ?"

ಆ ದನಿಯಲ್ಲಿದ್ದ ಆತಂಕ ಕೇಳಿ ದೀಪಿಕಾ ಅತ್ತುಬಿಟ್ಟಳು.

"ಅಳಬೇಡ್ರಿ, ಕೇಳ್ರಿ. ನಾನು ಕೊಂಡ್ಲಹಳ್ಳೀಲಿದೀನಿ, ಬರೋಕೆ ಮುಕ್ಕಾಲು ಗಂಟೆ ಬೇಕು. ನೀವೇ ಮಾಡ್ಬೇಕು. ಗೂಡಿನ ಕೆಳಗೆ ಬಟ್ಟೆ ಸುತ್ತಿದ ಡಬ್ಬ ಐತೆ. ಹೋದ ಸಲ ಬಂದಾಗ ಇಟ್ಟಿದ್ದ ಬೇರೆ ಸ್ವಿಚ್ಚು. ಅವತ್ತು ಹೇಳೋಕೆ ಹೋದೆ..."

ಅದು ಬೆದರಿಕೆಯಾಗಿರಲಿಲ್ಲ. ಮುನ್ನೆಚ್ಚರಿಕೆ ಕೊಡಲು ಬಂದವನ ಬಾಯಿಯನ್ನು ತಾನೇ ಮುಚ್ಚಿಸಿದ್ದಳು.

"ನಂಗೆ ಭಯ ಮಾರುತೇಶ್... ಶಾಕ್ ಹೊಡೆದ್ರೆ?"

"ಮೊದಲು ಮೇನ್ ಆಫ್ ಮಾಡ್ರಿ. ಆಯ್ತಾ? ಇನ್ನೇನೂ ಆಗಲ್ಲ. ಚೀಟಿ ನೋಡ್ಕಂಡು ಒಂದನೇ ವೈರು ಒಂದನೇ ತೂತಿಗೆ ಹಾಕ್ರಿ. ನಾನು ಫೋನ್ ಇಡಲ್ಲ."

ಒಂದು. ಎರಡು. ಬೆವರಿಗೆ ವೈರು ಕೈಯಿಂದ ಜಾರುತ್ತಿತ್ತು. ಹೊರಗೆ ಸೂರಮ್ಮನ ಅಳು ಜೋರಾಯಿತು. ಏಳು. ಎಂಟು. ಮೇನ್ ಹಾಕುವಾಗ ದೀಪಿಕಾ ಕಣ್ಣು ಮುಚ್ಚಿಕೊಂಡಳು.

ಕಣ್ಣು ಬಿಟ್ಟಾಗ ದೀಪಗಳು ಒಂದೊಂದಾಗಿ ಹಸಿರಾಗುತ್ತಿದ್ದವು!

ಚಿತ್ರ ಹೋದ ಹತ್ತು ನಿಮಿಷದಲ್ಲಿ ದಾವಣಗೆರೆಯಿಂದ ಫೋನ್ ಬಂತು. "ರಕ್ತ ಸೋರಿಲ್ಲ, ಹೆಪ್ಪುಗಟ್ಟಿದೆ. ಇಂಜೆಕ್ಷನ್ ಕೊಡಲಿಕ್ಕೆ ಹೇಳಿ." ಸಂಜೆಯ ಹೊತ್ತಿಗೆ ಪಕ್ಕದ ಆಸ್ಪತ್ರೆಯಲ್ಲಿ ಯರ್ರಪ್ಪ ತೊದಲುತ್ತಲೇ ಮಗಳ ಹೆಸರು ಕರೆದರು.

ಮಾರುತೇಶ ಸೆಂಟರಿಗೆ ಬಂದವನು ಹೊಸ್ತಿಲಾಚೆಯೇ ನಿಂತಿದ್ದ.

"ಬಾಗಿಲು ದಾಟಬೇಡ ಅಂದಿದ್ರಿ..."

"ಒಳಗೆ ಬನ್ರಿ," ಎಂದಳು. "ಯಾಕೆ ನೋಡ್ತಿದ್ರಿ ದಿನಾ?"

"ಎಂಟಕ್ಕೆ ನೀವು ಬಂದು ಬಾಗಿಲು ತೆಗೀತೀರಿ. ಅದಕ್ಕೂ ಮುಂಚೆ ಎಲ್ಲ ಸರಿ ಐತೆ ಅಂತ ಕಂಡ್ರೆ ನಂಗೊಂಥರಾ ನೆಮ್ಮದಿ. ಆದ್ರೆ ಕೇಳದೆ ನೋಡಿದ್ದು ತಪ್ಪು. ಆಫೀಸಲ್ಲೂ ಒಪ್ಕಂಡು ಬಂದೀನಿ."

"ಆ ಪಟ್ಟಿ ನೋಡಿ ನಾನೆಷ್ಟು ಹೆದರಿದೆ ಗೊತ್ತಾ?"

"ಅದನ್ನ ಯೋಚನೆ ಮಾಡ್ಲಿಲ್ಲ ನೋಡ್ರಿ... ಅದೇ ನನ್ನ ದೊಡ್ಡ ತಪ್ಪು."

ದೀಪಿಕಾ ಎರಡನೆಯ ಒಪ್ಪಂದದ ಕಾಗದ ತೆಗೆದಳು. ಕೊನೆಯಲ್ಲಿ ತನ್ನ ಕೈಯಾರೆ ಒಂದು ಸಾಲು ಸೇರಿಸಿದಳು: ಒಳಗೆ ನೋಡಿದಾಗಲೆಲ್ಲ ನನಗೆ ತಿಳಿಸಬೇಕು. ಸಹಿ ಹಾಕಿ ಅವನತ್ತ ತಳ್ಳಿದಳು.

ಅವನು ಓದಿ ಕಾಗದ ಮಡಚಿದ. "ಇನ್ನೊಂದು ಮಾತೈತೆ ಮೇಡಂ. ಇದನ್ನೂ ಕೇಳದೆ ಹೇಳಂಗಿಲ್ಲ. ಹೇಳ್ಲಾ?"

ದೀಪಿಕಾ ಪೆನ್ನು ಕೆಳಗಿಟ್ಟಳು. "ಹೇಳ್ರಿ..."

"ನಂಗೆ ನೀವಂದ್ರೆ ಇಷ್ಟ."

ಅವಳು ತಲೆ ತಗ್ಗಿಸಿದಳು. ಕೆನ್ನೆ ಕೆಂಪಾಗಿದ್ದನ್ನು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. "ಭಾನುವಾರ ಮನೆಗೆ ಬನ್ರಿ. ಅಪ್ಪ ಇರ್ತಾರೆ."

"ಅಪ್ಪಾರಾ?" ಮಾರುತೇಶ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದ. "ಈಗ ನಂಗೆ ಭಯ ಆಗ್ತೈತೆ ಮೇಡಂ!"

"ಆಗ್ಲಿ, ಪಕ್ಕದಲ್ಲಿ ನಾನಿರ್ತೀನಿ. ಆದ್ರೆ ಅಪ್ಪನ ಮುಂದೆ ಮೇಡಂ ಅನ್ನಬೇಡ್ರಿ."

"ಮತ್ತೆ ಏನನ್ಲಿ?"

"ನಂಗೊಂದು ಹೆಸರೈತೆ."

ಎರಡು ಸಲ ಬಾಯಿ ತೆರೆದ, ದನಿ ಹೊರಡಲಿಲ್ಲ. ಮೂರನೆಯ ಸಲಕ್ಕೆ ಹೊರಟಿತು.

"ದೀಪಿಕಾ..."

"ಹೂಂ," ಎಂದಳು ಅವಳು, ಅಳುತ್ತ, ನಗುತ್ತ.