ರಾಚಮ್ಮನ ಮನೆಯ ಕರೆಂಟು ತಿಂದವರು

"ಬುಡಿ ಅತ್ತೆ, ಸೂಜಿ ಮುರ್ದೋಯ್ತದೆ!"

"ಮುರೀಲಿ ಬುಡು! ಲೇ ಶಿವಸ್ವಾಮಿ, ನೋಡ್ತಾ ನಿಂತಿದ್ದೀಯಲ್ಲ, ಎತ್ಲಾ!"

ಹೊಲಿಗೆ ಮಿಷನ್ನನ್ನು ಒಂದು ಕಡೆಯಿಂದ ಸೊಸೆ ಭಾನು, ಇನ್ನೊಂದು ಕಡೆಯಿಂದ ಅತ್ತೆ ರಾಚಮ್ಮ ಜಗ್ಗುತ್ತಿದ್ದರು. ಅದನ್ನು ಚಾಮರಾಜನಗರಕ್ಕೆ ಒಯ್ದು ಮಾರಲು ಬಾಗಿಲಲ್ಲಿ ಗೂಡ್ಸ್ ಆಟೊ ನಿಂತಿತ್ತು. ಮಗ ಶಿವಸ್ವಾಮಿ ಯಾರ ಕಡೆ ಹಿಡಿಯಬೇಕೆಂದು ತಿಳಿಯದೆ ಮಿಷನ್ನಿನ ಕಾಲು ಹಿಡಿದಿದ್ದ. ಆಗಲೇ ನಾನೂ ನಮ್ಮ ಚಿಕ್ಕಮ್ಮ ಶಶಿರೇಖಾನೂ ಒಳಗೆ ಹೋದದ್ದು. ನಮ್ಮೂರು ಉಡಿಗಾಲದಲ್ಲಿ ಕೋಳಿ ಕಳೆದರೂ ಓಲೆ ಕಳೆದರೂ ಜನ ಕರೆಯುವುದು ಚಿಕ್ಕಮ್ಮನನ್ನು; ಹಿಂದೆ ಹೋಗುವವಳು ನಾನು.

"ಸೊನ್ನೆ ಬಿಲ್ಲು ಬರ್ತಿದ್ದ ಮನೆ ಶಶಿ, ನಮ್ದು. ಈಗ ದುಡ್ಡು ಕಟ್ಟಿ ಅಂತಾವ್ರೆ. ಇವ್ಳು ಮಿಷನ್ಗೆ ಮೋಟ್ರು ಹಾಕ್ಸವ್ಳಲ್ಲ, ಅದೇ ಕರೆಂಟು ಕುಡೀತಾದೆ," ಎಂದರು ರಾಚಮ್ಮ.

"ಮೋಟ್ರು ಹಾಕ್ಸಿ ವರ್ಷ ಆಯ್ತು. ಬಿಲ್ಲು ಬಂದದ್ದು ದೇವ್ರ ಕಂಡಾಯ ಮನೆಗ್ ಬಂದು ಪೂಜೆ ಆದ್ಮೇಲೆ," ಎಂದಳು ಭಾನು. "ಇದ್ನೂ ಮಾರ್ಬುಟ್ರೆ ನಂದು ಅಂತ ಏನದೆ ಈ ಮನೇಲಿ?"

ಚಿಕ್ಕಮ್ಮ ಮನೆ ಸುತ್ತಿದರು. ಬಚ್ಚಲ ಗೋಡೆಗೆ ಒತ್ತಿಕೊಂಡು ಫ್ರಿಜ್ ಗುಂಯ್ ಎನ್ನುತ್ತಿತ್ತು. ಪಕ್ಕದಲ್ಲೇ ಬೆಕ್ಕು ಗೋಡೆಗೆ ಬೆನ್ನು ಕೊಟ್ಟು ಮಲಗಿತ್ತು. ಗೋಡೆಯಾಚೆ ಹಂಡೆ ಒಲೆ. ರಾಚಮ್ಮನ ಮಂಡಿನೋವಿಗೆ ದಿನವಿಡೀ ನೀರು ಕಾಯುತ್ತಿತ್ತು.

"ರಾಚಕ್ಕ, ಫ್ರಿಜ್ ನಡುಮನೆ ಮೂಲೇಲಿತ್ತಲ್ಲ?"

"ಕಂಡಾಯ ಅಲ್ಲೇ ನಿಲ್ಸುದ್ವಲ್ಲ, ನಾನೇ ಇತ್ಲಾಗೆ ಜರುಗಿಸ್ದೆ. ಸ್ವಾಮಿ ನಿಂತ ಜಾಗ್ದಲ್ಲಿ ತಿರ್ಗ ಮೀನ್ ಸಾರು ಮಡಗನ?"

ಚಿಕ್ಕಮ್ಮ ಮಿಷನ್ನಿನದೊಂದು ಬಿಟ್ಟು ಮನೆಯ ಎಲ್ಲ ಸ್ವಿಚ್ಚನ್ನೂ ಆರಿಸಿ ಭಾನುವಿಗೆ ಹೊಲಿಯಲು ಹೇಳಿದರು. ಮೀಟರಿನ ಕೆಂಪು ದೀಪ ಮಿಣುಕಿತು. ಭಾನು ಕಾಲೆತ್ತಿದ ಕೂಡಲೇ ನಿಂತಿತು. ಆಮೇಲೆ ಫ್ರಿಜ್ ಒಂದನ್ನೇ ಹಾಕಿದರು. ನಾವೆಲ್ಲ ಕಾಫಿ ಕುಡಿದೆವು. ಆಟೊದವನು ಎರಡನೇ ಲೋಟ ಕೇಳಿದ. ದೀಪ ಮಿಣುಕುತ್ತಲೇ ಇತ್ತು.

ಚಿಕ್ಕಮ್ಮ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದರು.

"ಮಿಷನ್ನು ಭಾನು ಜೊತೆ ದುಡೀತದೆ, ಭಾನು ಜೊತೆ ನಿಲ್ತದೆ. ಫ್ರಿಜ್ ನಿಲ್ತಾನೇ ಇಲ್ಲ. ಯಾಕೆ? ಬೆಕ್ಕನ್ನ ಕೇಳಿ. ಆ ಗೋಡೆ ಬೆಚ್ಚಗದೆ ಅಂತ ಅದಕ್ಕೆ ಮೊದ್ಲೇ ಗೊತ್ತು. ಫ್ರಿಜ್ ಒಳಗಿನ ಬಿಸಿನ ಬೆನ್ನಿಂದ ಆಚೆ ಬುಡ್ಬೇಕು. ಬೆನ್ನಿಗೇ ಒಲೆ ಕಟ್ಟುದ್ರೆ ಪಾಪ, ಎಲ್ಲಿಗೆ ಬುಡ್ತದೆ? ಹಗ್ಲೂ ರಾತ್ರಿ ಓಡ್ತದೆ. ಜರುಗಿಸಿದ್ದು ಯಾವಾಗ? ಕಂಡಾಯ ಬಂದಾಗ. ಬಿಲ್ಲು ಏರಿದ್ದು? ಅದಾದ್ಮೇಲೆ. ಜರುಗಿಸ್ದೋರು ಯಾರು?"

ಎಲ್ಲರೂ ರಾಚಮ್ಮನ ಕಡೆ ತಿರುಗಿದರು. ರಾಚಮ್ಮ ಬೆಕ್ಕಿನ ಕಡೆ ನೋಡಿದರು.

"ಕರೆಂಟ್ ಕಳ್ಳಿ ನೀನೇ ಕಣವ್ವ!" ಎಂದು ಶಿವಸ್ವಾಮಿ ಬಿದ್ದು ಬಿದ್ದು ನಕ್ಕ. ಆಟೊ ಖಾಲಿ ಹೋಯಿತು.

ಸ್ವಾಮಿ ನಿಂತ ಮೂಲೆ ಬಿಟ್ಟರೆ ಫ್ರಿಜ್ಜಿಗೆ ಉಳಿದಿದ್ದ ಜಾಗ ಎರಡೇ: ಕಿಟಕಿ ಪಕ್ಕದ ಮಿಷನ್ನಿನದು, ಇಲ್ಲವೇ ರಾಚಮ್ಮನ ಮಂಚದ್ದು. ರಾಚಮ್ಮ ತಮ್ಮ ಹಾಸಿಗೆ ಸುತ್ತಿದರು. ಶಿವಸ್ವಾಮಿ ಮಂಚವನ್ನು ಬಚ್ಚಲ ಗೋಡೆಗೆ ಹಾಕಿ, ಅದರ ಜಾಗದಲ್ಲಿ ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಅದು ಸುಮ್ಮನಾಯಿತು. ಮೀಟರಿನ ದೀಪವೂ.

ಭಾನುವಿಗೆ ಮನಸ್ಸು ತಡೆಯಲಿಲ್ಲ. "ಅತ್ತೆ, ನೀವ್ಯಾಕೆ ಮೂಲೆ ಸೇರ್ಬೇಕು? ಕಿಟಕಿ ಜಾಗ ನೀವು ತಕಳಿ. ಮಿಷನ್ನ ನಾನೇ ಇಲ್ಲಿಗೆ ತತ್ತೀನಿ."

ರಾಚಮ್ಮ ಬೆಕ್ಕನ್ನು ಆಚೆ ತಳ್ಳಿ, ಬೆಚ್ಚನೆಯ ಗೋಡೆಗೆ ಮಂಡಿ ಆನಿಸಿ, ಕಾಲು ನೀಡಿ ಕಣ್ಣು ಮುಚ್ಚಿದ್ದರು.

"ಒಲ್ಲೆ ಕಣಮ್ಮಿ," ಎಂದರು.