ಒಗೆಯದೆ ಉಳಿದ ಸ್ವೆಟರ್

ಕಣ್ಣಿಗೆ ಕಣ್ಣು ಕೂಡಿದ ಮೊದಲ ಗಳಿಗೆಯಲ್ಲೇ ಲಿನೆಟ್ ಅವನ ಎದೆಯ ಮೇಲೆ ಒಂದು ಬಟ್ಟಲು ಬಿಸಿ ಗ್ರೇವಿ ಸುರಿದಳು.

ತಪ್ಪು ಪೂರ್ತಿ ಅವಳದೇನಲ್ಲ. ಇಂಗ್ಲೆಂಡಿನ ಹಲ್ ಬಂದರಿನ ಹೆಸಲ್ ರಸ್ತೆಯ ಮೀನು-ಚಿಪ್ಸ್ ಅಂಗಡಿ, ಶನಿವಾರ ಮಧ್ಯಾಹ್ನದ ನೂಕುನುಗ್ಗಲು. ಕೌಂಟರಿನಾಚೆ ನಿಂತವನು ಚಿಪ್ಸ್ ಕೇಳುವುದು ಬಿಟ್ಟು ಹಳೆಯ ಫೋಟೊ ಒಂದನ್ನು ಎತ್ತಿ ಹಿಡಿದು, "ಇವರನ್ನ ಎಲ್ಲಾದ್ರೂ ನೋಡಿದ್ದೀರಾ?" ಎಂದಿದ್ದ. ಫೋಟೊದಲ್ಲಿದ್ದವರು ಅವಳು ಹುಟ್ಟುವ ಮೊದಲೇ ಸತ್ತಿರಬೇಕು. ಅವಳು ಫೋಟೊ ನೋಡಲು ಬಗ್ಗಿದಳು, ನೋಟ ತಪ್ಪಿ ಅವನ ಮುಖದ ಮೇಲೆ ನಿಂತಿತು, ಬಟ್ಟಲು ವಾಲಿತು.

"ಅಯ್ಯೋ! ಸುಟ್ಟಿತಾ?"

"ಇಲ್ಲ ಇಲ್ಲ." ಗಲ್ಲಕ್ಕೆ ಸಿಡಿದದ್ದನ್ನು ಬೆರಳಲ್ಲಿ ತೆಗೆದು ನೆಕ್ಕಿದ. "ಚೆನ್ನಾಗಿದೆ. ಉಪ್ಪು ಸ್ವಲ್ಪ ಕಮ್ಮಿ."

ಹೆಸರು ಕಾಲಿನ್. ಸಮುದ್ರದ ವಾಸನೆಯೂ ತಾಗದ ಲೆಸ್ಟರಿನಲ್ಲಿ ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದ. ತಾಯಿಗೆ ಎಪ್ಪತ್ತು ತುಂಬುವುದರೊಳಗೆ ಅವಳ ತವರಿನ ಮೂಲ ಹುಡುಕಿಕೊಡುತ್ತೇನೆಂದು ಮಾತು ಕೊಟ್ಟಿದ್ದ. ತಾಯಿಯ ಅಜ್ಜ ಹಲ್‌ನಿಂದ ಬಂದವನು ಎಂದು ಮನೆಯಲ್ಲಿ ಗುಸುಗುಸು ಇತ್ತು, ಅಷ್ಟೇ.

"ಹೆಸರು ಗೊತ್ತಾ?"

"ಗೊತ್ತು." ಅವನು ನಾಚಿಕೊಂಡ. "ಜಾನ್ ಸ್ಮಿತ್."

ಬೀದಿಗೆ ಹತ್ತು ಜನರಿಗಿರುವ ಹೆಸರು. ಲಿನೆಟ್‌ಗೆ ನಗು ತಡೆಯಲಾಗಲಿಲ್ಲ.

"ದಾಖಲೆ ಕಚೇರಿಯಲ್ಲೂ ಹೀಗೇ ನಕ್ಕರು," ಎಂದ ಕಾಲಿನ್.

ಗ್ರೇವಿಯ ಪಾಪಪ್ರಜ್ಞೆ ಎಂದು ತನಗೆ ತಾನೇ ಹೇಳಿಕೊಂಡು ಅವಳು ಅವನನ್ನು ಮನೆಗೆ ಕರೆದೊಯ್ದಳು. ಆ ರಸ್ತೆಯ ಮೂರು ತಲೆಮಾರು ಅಜ್ಜಿ ಐವಿಯ ನಾಲಿಗೆಯ ತುದಿಯಲ್ಲಿತ್ತು. ಆದರೆ ಅಜ್ಜಿ ಫೋಟೊ ನೋಡಲಿಲ್ಲ, ಸ್ವೆಟರ್ ನೋಡಿದಳು.

"ಹಸಿರು! ಮೀನುಗಾರರ ಮನೆಗೆ ಅಪಶಕುನದ ಹಸಿರು ಹಾಕ್ಕೊಂಡು ಬಂದಿದ್ದೀಯಲ್ಲ, ಕಂದ. ಬಿಚ್ಚು ಮೊದಲು."

ಲಿನೆಟ್‌ಳ ತಮ್ಮ ಟೆರ್ರಿಯ ಹಳದಿ-ಕಪ್ಪು ಪಟ್ಟೆಯ ಫುಟ್‌ಬಾಲ್ ಅಂಗಿ ತೊಟ್ಟು ಕಾಲಿನ್ ದೊಡ್ಡದೊಂದು ಜೇನುಹುಳದಂತೆ ಸೋಫಾದಲ್ಲಿ ಕುಳಿತ. ಸ್ವೆಟರನ್ನು ತಾನೇ ಒಗೆದುಕೊಡುತ್ತೇನೆ ಎಂದಳು ಲಿನೆಟ್.

ಮುಂದಿನ ದಿನಗಳು ಚಹಾದಲ್ಲಿ ತೇಲಿಹೋದವು. ಅಜ್ಜಿ ಹೇಳಿದ ಮನೆಗಳಿಗೆಲ್ಲ ಇಬ್ಬರೂ ಫೋಟೊ ಹಿಡಿದು ಅಲೆದರು. ಫೋಟೊದಲ್ಲಿ ಟೊಪ್ಪಿ ಮತ್ತು ಗಡ್ಡದ ನಡುವೆ ಕಾಣುತ್ತಿದ್ದುದು ಎರಡು ಕಿವಿ ಮಾತ್ರ. ಒಬ್ಬಾಕೆ ಫೋಟೊದವನನ್ನು ತನ್ನ ಚಿಕ್ಕಪ್ಪ ಎಂದಳು. ಎದುರು ಮನೆಯ ಮೇವಿಸ್, ಮದುವೆಯ ದಿನ ತನಗೆ ಕೈಕೊಟ್ಟವನ ಅಪ್ಪ ಎಂದು ಖಚಿತವಾಗಿ ಗುರುತಿಸಿ ಅಲ್ಲೇ ಬೈಯಲು ಶುರುಮಾಡಿದಳು. ಬೈಗುಳ ಪೂರ್ತಿ ಕಾಲಿನ್ ಮರ್ಯಾದೆಯಿಂದ ಕೇಳಿಸಿಕೊಂಡು, ಕೊನೆಗೆ ಕ್ಷಮೆಯನ್ನೂ ಕೇಳಿದ.

ಬೀದಿಗೆ ಬಂದ ಮೇಲೆ ಲಿನೆಟ್ ನಕ್ಕಳು. "ನೀವ್ಯಾಕೆ ಕ್ಷಮೆ ಕೇಳಿದ್ದು?"

"ಯಾರಾದ್ರೂ ಕೇಳಬೇಕಿತ್ತಲ್ಲ, ಪಾಪ."

ಅವಳ ನಗು ಅಲ್ಲೇ ನಿಂತಿತು. ಅವನ ಕಿವಿಗಳನ್ನು ನೋಡಿದಳು. ಫೋಟೊದ ಕಿವಿಗಳಿಗಿಂತ ಚೆನ್ನಾಗಿದ್ದವು. ಅವನು ತಿರುಗಿ ನೋಡಿದಾಗ, ಪಕ್ಕದ ಮೀನಂಗಡಿಯ ಗಾಜಿನಾಚೆಯ ಸತ್ತ ಮೀನುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಅವನ ರಜೆ ಮುಗಿಯಿತು, ಜಾನ್ ಸ್ಮಿತ್ ಸಿಗಲಿಲ್ಲ. ರೈಲಿನ ಬಾಗಿಲಲ್ಲಿ ನಿಂತು ಕಾಲಿನ್ ಕೇಳಿದ, "ಇನ್ನು ನನಗೆ ಇಲ್ಲಿ ಕೆಲಸ ಏನೂ ಉಳಿದಿಲ್ಲ, ಅಲ್ವಾ?"

ಅದು ಪ್ರಶ್ನೆ ಎಂದು ಅವಳಿಗೂ ಗೊತ್ತಿತ್ತು. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಕಿಟಕಿಯಲ್ಲಿ ಅವನು ಕೈ ಎತ್ತಿದ.

ಲಿನೆಟ್ ಬೆನ್ನು ತಿರುಗಿಸಿ, ಒಮ್ಮೆಯೂ ಹಿಂದೆ ನೋಡದೆ ನಡೆದುಬಿಟ್ಟಳು.

ಮನೆಗೆ ಬಂದಾಗ ಅಜ್ಜಿಯ ಮೊದಲ ಮಾತು, "ಕೈ ಬೀಸಲಿಲ್ಲ ತಾನೇ?"

"ಇಲ್ಲ ಅಜ್ಜಿ."

"ಒಳ್ಳೇ ಕೆಲಸ ಮಾಡಿದೆ. ನಿನ್ನ ತಾತನಿಗೆ ನಾನು ಒಂದು ದಿನವೂ ಕೈ ಬೀಸಿದವಳಲ್ಲ. ಹಡಗು ಹೊರಟ ದಿನ ಒಂದು ಕರವಸ್ತ್ರ ಕೂಡ ಒಗೆದವಳಲ್ಲ. ಪ್ರತಿ ಸಲ ವಾಪಸ್ ಬಂದರು, ಕೊನೆಗೆ ಈ ಮಂಚದ ಮೇಲೇ ಹೋದರು." ಮಂಚದ ಹೊದಿಕೆ ಸರಿಪಡಿಸಿದಳು. "ನನ್ನ ಅಕ್ಕ ತನ್ನ ಗಂಡನಿಗೆ ಕೈ ಬೀಸಿದಳು. ಒಂದೇ ಸಲ."

ಲಿನೆಟ್ ಗ್ರೇವಿ ಮೆತ್ತಿದ ಸ್ವೆಟರನ್ನು ಮೆಷಿನ್‌ಗೆ ಹಾಕಲು ಎತ್ತಿಕೊಂಡಳು.

"ಇಡು ಕೆಳಗೆ! ಅವನು ಊರು ಮುಟ್ಟಿದ ಸುದ್ದಿ ಬರಲಿ. ಅಲ್ಲಿವರೆಗೆ ಈ ಮನೇಲಿ ಒಗೆತ ಇಲ್ಲ. ಒಗೆದರೆ ಅವನೂ ನೀರಲ್ಲಿ ಕೊಚ್ಕೊಂಡು ಹೋಗ್ತಾನೆ."

"ಅಜ್ಜಿ, ಅವರು ರೈಲಲ್ಲಿ ಹೋಗಿದ್ದಾರೆ."

"ರೈಲು ಮುಳುಗಲ್ಲ ಅಂತ ಬರೆದುಕೊಟ್ಟಿದ್ದಾರಾ?"

ಸುದ್ದಿ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಲಿನೆಟ್ ಫೋನನ್ನು ಎತ್ತುವಳು, ಇಡುವಳು. ಬೆನ್ನು ತಿರುಗಿಸಿದವಳು ಏನೆಂದು ಬರೆಯಬೇಕು? 'ಕಳೆದುಕೊಳ್ಳುವ ಭಯಕ್ಕೆ ಹಾಗೆ ಮಾಡಿದೆ' ಎಂದರೆ, ಸಿಕ್ಕಿರುವುದೇನು ಎಂದು ಅವನು ಕೇಳಿದರೆ? ಸ್ವೆಟರ್ ಬುಟ್ಟಿಯ ತುದಿಯಲ್ಲಿ ಕುಳಿತು ಹುಳಿ ವಾಸನೆ ಬಿಡತೊಡಗಿತು. ಆದರೂ ಯಾರೂ ಇಲ್ಲದಾಗ ಅವಳು ಅದನ್ನು ಒಮ್ಮೆ ಮೂಗಿಗೆ ಹಿಡಿದಳು, ಕೆಮ್ಮಿದಳು, ಮತ್ತೆ ಹಿಡಿದಳು.

ಕೊನೆಗೆ ಟೆರ್ರಿ ಅಡುಗೆಮನೆಯ ಬಾಗಿಲಲ್ಲಿ ಟವೆಲ್ ಸುತ್ತಿಕೊಂಡು ನಿಂತ. "ಲಿನ್, ನಿನ್ನ ಕಾಲು ಹಿಡೀತೀನಿ. ಅವನಿಗೆ ಫೋನ್ ಮಾಡು. ಪ್ರೀತಿ ಇದೆ ಅಂತ ಹೇಳು, ಇಲ್ಲ ಅಂತ ಹೇಳು, ಏನಾದ್ರೂ ಹೇಳು. ನನ್ನ ಹತ್ತಿರ ಒಂದು ಚಡ್ಡಿಯೂ ಉಳಿದಿಲ್ಲ."

ಆಗಲೇ ಬಾಗಿಲು ತಟ್ಟಿದ ಸದ್ದಾಯಿತು.

ಕಾಲಿನ್ ನಿಂತಿದ್ದ, ಜೇನುಹುಳದ ಅಂಗಿಯಲ್ಲೇ. ಉಸಿರು ಮೇಲೆ ಕೆಳಗೆ.

"ನನಗೆ ತುಂಬಾ ಬೇಜಾರಾಗಿತ್ತು," ಎಂದ. "ಅಮ್ಮನ ಹತ್ತಿರ ಹೇಳ್ಕೊಂಡೆ, ಅವಳು ಬೆನ್ನು ತಿರುಗಿಸಿ ಹೋದಳು ಅಂತ. ಅಮ್ಮ ಬಿದ್ದು ಬಿದ್ದು ನಕ್ಕಳು. ನಮ್ಮಜ್ಜಿ, ಅಮ್ಮನ ತಾಯಿ, ದಿನಾ ಹಾಗೇ ಮಾಡ್ತಿದ್ದರಂತೆ. ನಮ್ಮ ತಾತ ಬಸ್ ಡ್ರೈವರು. ಅವರು ಬಾಗಿಲು ದಾಟಿದ್ರೆ ಅಜ್ಜಿ ಗೋಡೆ ಕಡೆ ತಿರುಗಿ ನಿಲ್ತಿದ್ದರಂತೆ. ಡ್ಯೂಟಿ ಇದ್ದ ದಿನ ಬಟ್ಟೆ ಒಗೀತಿರಲಿಲ್ಲ. ಅವರಿಗೆ ಆ ಪಾಠ ಅವರಮ್ಮನಿಂದ, ಜಾನ್ ಸ್ಮಿತ್ ಹೆಂಡತಿಯಿಂದ ಬಂದದ್ದು. ಮನೇಲೆಲ್ಲ ಸೋಮಾರಿತನ ಅಂದ್ಕೊಂಡಿದ್ದರಂತೆ!"

ಅಜ್ಜಿ ಐವಿ ಕೋಲೂರಿ ಎದ್ದು ಬಂದು ಅವನ ಕೆನ್ನೆ ಹಿಂಡಿದಳು. "ಕೈ ಬೀಸದವರು, ಒಗೆಯದವರು. ಮತ್ತೇನು ಬೇಕು? ನಮ್ಮ ರಸ್ತೆಯವನೇ ನೀನು."

"ಗ್ರಿಮ್ಸ್‌ಬಿ ಬಂದರಿನವರೂ ಹಾಗೇ ಮಾಡ್ತಾರಂತೆ," ಎಂದ ಟೆರ್ರಿ.

"ನೀನು ಮೊದಲು ಬಟ್ಟೆ ಹಾಕ್ಕೋ."

ಕಾಲಿನ್ ಲಿನೆಟ್ ಕಡೆಗೆ ತಿರುಗಿದ. "ನಮ್ಮಜ್ಜಿಗೆ ತಾತ ಅಂದ್ರೆ ಪ್ರಾಣ. ಅದಕ್ಕೇ ಹಾಗೆ ಮಾಡ್ತಿದ್ದರು. ನೀನು..." ಕಿವಿಗಳು ಕೆಂಪಾದವು.

"ನಾನೂ ಅದಕ್ಕೇ," ಎಂದಳು ಲಿನೆಟ್, ಈ ಸಲ ಮೀನುಗಳಿರಲಿಲ್ಲವಾದ್ದರಿಂದ ಅವನನ್ನೇ ನೋಡುತ್ತ.

ಟೆರ್ರಿಗೆ ಪ್ರೇಮದ ಮಿಕ್ಕ ಭಾಗ ಕೇಳುವ ತಾಳ್ಮೆ ಇರಲಿಲ್ಲ. "ಇವನು ಊರು ಮುಟ್ಟಿ ಆಯ್ತಲ್ಲ? ಮೆಷಿನ್ ಹಾಕ್ತೀನಿ!" ಬುಟ್ಟಿಗೆ ಕೈ ಹಾಕಿ ಮೊದಲು ಸ್ವೆಟರನ್ನೇ ಎಳೆದ.

"ಅದನ್ನ ಬಿಡು," ಎಂದಳು ಅಜ್ಜಿ. "ಭಾನುವಾರ ಮತ್ತೆ ಹೊರಡ್ತಾನಲ್ಲ."

ಟೆರ್ರಿ ಸ್ವೆಟರ್ ಹಿಡಿದೇ ನಿಂತ.

"ಹಲ್‌ನಲ್ಲಿ," ಎಂದ ಕಾಲಿನ್ ಮೆಲ್ಲಗೆ, "ಕಾರು ಓಡಿಸೋಕೆ ಬರದವರು ಯಾರಾದ್ರೂ ಇದ್ದಾರಾ?"

"ಟೆರ್ರಿ ಇದ್ದಾನೆ," ಎಂದಳು ಲಿನೆಟ್. "ಅವನೊಬ್ಬನಿಗೆ ಕಲಿಸೋಕೇ ಒಂದು ಜನ್ಮ ಬೇಕು."

"ಹಾಗಾದ್ರೆ ನಾನು ಎಲ್ಲೂ ಹೊರಡಲ್ಲ."

ಅವಳು ಟೆರ್ರಿಯ ಕೈಯಿಂದ ಸ್ವೆಟರ್ ಕಸಿದುಕೊಂಡು, ತಾನೇ ಮೆಷಿನ್‌ಗೆ ತುರುಕಿ, ಯಾರೂ ಮನಸ್ಸು ಬದಲಾಯಿಸದಂತೆ ಗುಂಡಿಯನ್ನು ಅತಿ ಬಿಸಿಗೆ ತಿರುಗಿಸಿಬಿಟ್ಟಳು.

ಸಂಜೆ ಹಿತ್ತಲಿನ ಹಗ್ಗದ ತುಂಬ ಟೆರ್ರಿಯ ಚಡ್ಡಿಗಳು ಬಾವುಟಗಳಂತೆ ಹಾರಿದವು. ಕೊನೆಯಲ್ಲಿ ಹಸಿರು ಸ್ವೆಟರ್. ಶುದ್ಧ ಉಣ್ಣೆ, ಬಿಸಿನೀರಿಗೆ ಕುಗ್ಗಿ ಕುಗ್ಗಿ ಅಂಗೈಯಷ್ಟಾಗಿತ್ತು.

ಅಜ್ಜಿ ಅದನ್ನು ಬಿಸಿಲಿಗೆ ಎತ್ತಿ ಹಿಡಿದು, ಬೇಲಿಯ ಹತ್ತಿರ ಕೈ ಕೈ ಹಿಡಿದು ನಿಂತಿದ್ದ ಇಬ್ಬರನ್ನೂ ಓರೆಗಣ್ಣಿನಿಂದ ಅಳೆದಳು.

"ಎತ್ತಿಡ್ತೀನಿ," ಎಂದಳು. "ಮುಂದೆ ಯಾರಿಗಾದ್ರೂ ಆಗುತ್ತೆ. ಬಣ್ಣ ಮಾತ್ರ ಹಾಕಿಸಬೇಕು."