ಕೆಂಪು ಬಾಲದ ಮೂವತ್ತನಾಲ್ಕು ಮರಿಗಳು

ತೊಟ್ಟಿಯ ತುಂಬ ನೀರಿತ್ತು. ಮೀನು ಒಂದೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಹೊಳೆನರಸೀಪುರದಿಂದ ಸಬ್‌ಇನ್‌ಸ್ಪೆಕ್ಟರ್ ಸ್ನೇಹಲತಾ ಮೇಡಂ ಜೊತೆ ಕಾನ್‌ಸ್ಟೆಬಲ್ ಆದ ನಾನು ಜೀಪಿನಲ್ಲಿ ಹೋದಾಗ, ದೂರು ಕೊಟ್ಟ ಸಂಘಮಿತ್ರಾ ತೊಟ್ಟಿಯ ಕಟ್ಟೆ ಹಿಡಿದು ನಿಂತಿದ್ದಳು. ಹಾಸನದಲ್ಲಿ ಮೀನುಗಳ ಮೇಲೆ ಸಂಶೋಧನೆ ಮಾಡುವವಳು. ಹೇಮಾವತಿಯ ದಡದಲ್ಲಿರುವ ಪಾರ್ವತಮ್ಮನ ಹಿತ್ತಲಿನಲ್ಲಿ ಈ ತೊಟ್ಟಿ ಕಟ್ಟಿಸಿದ್ದು ಅವಳೇ.

“ಎಷ್ಟು ಮೀನು?” ಮೇಡಂ ಕೇಳಿದರು.

“ಮೂವತ್ತನಾಲ್ಕು. ಬೆರಳುದ್ದದ ಮರಿಗಳು, ಬಾಲದ ತುದಿ ಕೆಂಪು. ಕಾವೇರಿ, ಅದರ ಉಪನದಿ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಮೇಡಂ. ಈ ಭಾಗದ ಹೊಳೇಲಿ ಎಂಟು ವರ್ಷದಿಂದ ಕಂಡಿಲ್ಲ. ಅರಕಲಗೂಡಿನ ಕಡೆ ಸಿಕ್ಕ ನಾಲ್ಕರಿಂದ ಇಷ್ಟು ಮರಿ ಮಾಡಿಸಿದ್ದೆ. ಸೋಮವಾರ ಬಂದು ಹೊಳೆಗೆ ಬಿಡ್ಬೇಕಿತ್ತು. ಮನಸ್ಸು ತಡೀಲಿಲ್ಲ, ಇವತ್ತೇ ಬಂದೆ.”

“ಅನುಮಾನ?”

“ದೇವರಾಜು ಅಂತ. ಚನ್ನರಾಯಪಟ್ಟಣದಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದಾರೆ. ಒಂದು ಜೊತೆ ಕೊಡಿ ಅಂತ ಎರಡು ಸಲ ಬಂದಿದ್ರು.”

ನಾನು ದೇವರಾಜುವಿಗೆ ಫೋನ್ ಮಾಡಿದೆ. “ಗುರುವಾರದಿಂದ ಮೈಸೂರಲ್ಲಿ ತಂಗಿ ಮನೇಲಿದೀನಿ ಸಾ. ಕೇಳಿದ್ದು ನಿಜ. ಕದಿಯೋನಲ್ಲ” ಎಂದ. ತಂಗಿಯೂ ಹೌದೆಂದಳು.

ಹಾಗಾದರೆ ಯಾರು?

ಪಾರ್ವತಮ್ಮ ಜಗುಲಿಯಲ್ಲಿ ಕುಳಿತಿದ್ದರು. ಹೊಳೆ ಮೀನು ಹಿಡಿದು ಮಾರಿಯೇ ಸಂಸಾರ ನಡೆಸಿದವರು. ಮರಿಗಳಿಗೆ ದಿನಾ ತಿನಿಸು ಹಾಕುತ್ತಿದ್ದವರೂ ಅವರೇ.

“ರಾತ್ರಿ ಏನಾದರೂ ಸದ್ದು ಕೇಳಿಸ್ತಾ?” ಮೇಡಂ ಕೇಳಿದರು.

“ಇಲ್ಲ ಕಣವ್ವ. ಎದ್ದು ನೋಡ್ದೆ. ಇರ್ನಿಲ್ಲ.” ಅವರು ತಲೆ ಎತ್ತಲಿಲ್ಲ.

ಮೇಡಂ ತೊಟ್ಟಿಗೆ ಕೈ ಅದ್ದಿ, ಬೆರಳು ಮೂಸಿದರು. “ಸಂಘಮಿತ್ರಾ, ತಳದಲ್ಲಿ ಏನಿತ್ತು?”

“ಹೊಳೆ ಕಲ್ಲು, ಪಾಚಿ ಕಟ್ಟಿದ್ದು. ಮರಿಗಳು ಅದರ ಸಂದೀಲೇ ಅಡಗೋದು.”

ನಾನು ಬಗ್ಗಿ ನೋಡಿದೆ. ತಳದಲ್ಲಿ ಬರೀ ಸಿಮೆಂಟು. ಎಲ್ಲರೂ ಮೀನು ಹುಡುಕಿದ್ದೆವು — ಕಲ್ಲು ಯಾರೂ ಹುಡುಕಿರಲಿಲ್ಲ.

“ಕಳ್ಳ ಮೀನು ಎತ್ಕೊಂಡು ಓಡ್ತಾನೆ. ಕಲ್ಲು ಯಾಕೆ ಹೊರ್ತಾನೆ?” ಮೇಡಂ ನಿಧಾನವಾಗಿ ಹೇಳಿದರು. “ಕಲ್ಲಿಲ್ಲದಿದ್ರೆ ಈ ಮರಿಗಳು ಹೆದರ್ತವೆ ಅಂತ ದಿನಾ ನೋಡಿದವರಿಗೆ ಮಾತ್ರ ಗೊತ್ತು. ಈ ನೀರು ಬ್ಲೀಚಿಂಗ್ ಪೌಡರ್ ವಾಸನೆ ಹೊಡೀತಿದೆ. ಇದು ನಲ್ಲಿ ನೀರು. ಪಾರ್ವತಮ್ಮ, ಮೀನು ತೆಗೆದದ್ದು ನೀವೇ. ಎಲ್ಲಿಟ್ಟಿದೀರಿ?”

ಪಾರ್ವತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಸಂಘಮಿತ್ರಾಳ ಕಡೆ ತಿರುಗಿದರು.

“ಬೋರಿನ ಮೋಟ್ರು ಸುಟ್ಟೋಯ್ತು ಮಗ. ನಿನ್ನೆ ಬಿಸ್ಲಿಗೆ ನೀರು ಇಳಿದಿತ್ತು. ನಲ್ಲಿ ನೀರು ಬುಟ್ಟೆ. ಬ್ಯಾಡ ಅಂದಿದ್ದೆ ನೀನು, ಮರ್ತೋಯ್ತು. ಒಂದೊಂದೇ ಮೇಲಕ್ಕೆ ಬಂದು ಬಾಯಿ ಬಾಯಿ ಬುಡ್ತಿದ್ವು. ಬಿಂದಿಗೇಲಿ ತುಂಬ್ಕೊಂಡು ಹೊಳೆಗೆ ಓಡ್ದೆ, ಬಲೆ ಕಟ್ಟಿ ಒಳಗೆ ಬುಟ್ಟೆ. ಐದು ಸತ್ವು. ಸೋಮವಾರದೊಳಗೆ ತೊಟ್ಟಿ ತೊಳ್ದು ವಾಪಸ್ ಬುಡಾನ ಅಂತಿದ್ದೆ. ನಂಬಿ ಕೊಟ್ಟಿದ್ದೆ ನೀನು. ಹೆಂಗೆ ಮುಕ ತೋರ್ಸ್ಲಿ?”

ಸಂಘಮಿತ್ರಾ ಪಾರ್ವತಮ್ಮನ ಎರಡೂ ಕೈ ಹಿಡಿದುಕೊಂಡಳು. “ನಂಗೆ ಫೋನ್ ಮಾಡಿ ಕಾಯ್ತಾ ಕೂತಿದ್ರೆ, ನಾನು ಹಾಸನದಿಂದ ಬರೋಷ್ಟ್ರಲ್ಲಿ ಒಂದೂ ಉಳೀತಿರ್ಲಿಲ್ಲ ಕಣಮ್ಮ. ಇಪ್ಪತ್ತೊಂಬತ್ತು ಉಳಿಸಿದೀರಿ. ಈ ಋಣ ನಾನು ಹೆಂಗೆ ತೀರಿಸ್ಲಿ?”

ಮೇಡಂ ದೂರಿನ ಹಾಳೆ ಮಡಚಿ ಅವಳ ಕೈಗೇ ಕೊಟ್ಟರು. “ದೇವರಾಜುಗೆ ಒಂದು ಮಾತು ಹೇಳಿಬಿಡಿ.” ಸಂಘಮಿತ್ರಾ ನನ್ನ ಫೋನಿನಿಂದಲೇ ಅವನ ಕ್ಷಮೆ ಕೇಳಿದಳು. “ಮರಿಗಳು ಸಿಕ್ಕಿದ್ವಲ್ಲ, ಅಷ್ಟೇ ಸಾಕು ಬುಡಿ” ಎಂದನಂತೆ.

ಹೊಳೆಗೆ ಇಳಿದೆವು. ಬಂಡೆಗಳ ನಡುವೆ ನೀರು ನಿಂತ ಕಡೆ ಪಾರ್ವತಮ್ಮ ಹಳೆಯ ಬಲೆ ಕಟ್ಟಿದ್ದರು. ಒಳಗೆ ಅದೇ ಕಲ್ಲುಗಳು. ಸಂದಿಯಿಂದ ಸಂದಿಗೆ ಮರಿಗಳು ಸರಿದಾಡುತ್ತಿದ್ದವು.

ಸಂಘಮಿತ್ರಾ ಎಣಿಸುತ್ತಿದ್ದವಳು ತಟ್ಟನೆ ನಿಂತಳು. ಬಲೆಯ ಹೊರಗೆ, ಅಂಗೈಯಗಲದ ಮೂರು ಮೀನು. ಬಾಲದ ತುದಿ ಕೆಂಪು.

“ಅವು ನಮ್ಮವಲ್ಲ ಮಗ. ದೊಡ್ಡವು. ಇವನ್ನ ತಂದು ಬುಟ್ಟಾಗಿಂದ ಅಲ್ಲೇ ಸುತ್ತುತಾವೆ,” ಎಂದರು ಪಾರ್ವತಮ್ಮ.

“ಎಂಟು ವರ್ಷ ಆಗಿತ್ತು ಕಣಮ್ಮ, ಇವು ಈ ಹೊಳೇಲಿ ಕಂಡು.” ಸಂಘಮಿತ್ರಾ ಪಾರ್ವತಮ್ಮನ ಕೈ ಹಿಡಿದು, ಉಟ್ಟ ಬಟ್ಟೆಯಲ್ಲೇ ನೀರಿನೊಳಗೆ ಕುಳಿತುಬಿಟ್ಟಳು.